ಮೂರು ಸಾವಿರದ ಇನ್ನೂರು ಕಲ್ಲು

ಚನ್ನಿಗಪ್ಪ ಮೇಸ್ತ್ರಿ ಸತ್ತ ದಿನ ನಾವು ಶಾಲೆಯ ಮಕ್ಕಳನ್ನೆಲ್ಲ ಹೊರಗೆ ಓಡಿಸಿ, ಎದುರಿನ ಬಯಲಲ್ಲಿ ಸಾಲಾಗಿ ನಿಲ್ಲಿಸಿ, ಕಟ್ಟಡ ಈಗ ಬಿತ್ತು, ಇನ್ನೇನು ಬಿತ್ತು ಎಂದು ಉಸಿರು ಬಿಗಿಹಿಡಿದು ಕಾದೆವು. ಪಾಪ, ಮನುಷ್ಯ ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ಕೂತು ಅರ್ಧ ಲೋಟ ಟೀ ಕುಡಿದು, ಇನ್ನರ್ಧ ಕುಡಿಯುವ ಮೊದಲೇ ಪಕ್ಕಕ್ಕೆ ವಾಲಿದ್ದ, ಉಸಿರಷ್ಟೇ ಆಡುತ್ತಿತ್ತು. ಸುದ್ದಿ ಶಾಲೆಗೆ ಬಂದಾಗ ಹನ್ನೊಂದು ಗಂಟೆ. ನಮ್ಮ ಬಂಡೆ ಶಾಲೆಯ ಒಂದೊಂದು ಕಲ್ಲನ್ನೂ ಎತ್ತಿದವನು ಅವನೇ ಎಂದು ಬಾಗಿಲ ಮೇಲಿನ ಹೆಸರುಕಲ್ಲು ಹೇಳುತ್ತಿತ್ತು. ಸಂಜೆಯವರೆಗೂ ಕಾದೆವು, ಅವನ ಉಸಿರು ನಿಂತಿತು. ಶಾಲೆ ಬೀಳಲಿಲ್ಲ. ಬಿದ್ದದ್ದು ಒಂದೇ ಒಂದು, ಆ ಹೆಸರುಕಲ್ಲು.

ನಮ್ಮೂರಲ್ಲಿ ಮನೆ ಬಾಗಿಲ ಮೇಲೆ ಇರುವವರ ಹೆಸರು ಹಾಕುವುದಿಲ್ಲ, ಎತ್ತಿದವರ ಹೆಸರು ಹಾಕುತ್ತೇವೆ. ಯಾರು ಏನನ್ನು ನೆಲದಿಂದ ಮೇಲಕ್ಕೆ ಎತ್ತಿಟ್ಟರೋ ಅವರು ಹೋದ ಗಳಿಗೆ ಅದು ಕೆಳಕ್ಕೆ ಬರುತ್ತದೆ. ಅಟ್ಟದ ಮೇಲಿನ ಹಂಡೆಯಿರಲಿ, ಗೋಡೆಯ ಕಲ್ಲಿರಲಿ, ಭೇದವಿಲ್ಲ. ಹಾಗಾಗಿ ಇಲ್ಲಿ ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ಮನೆ ಎತ್ತಿದವರಿಗೆ ಬಿಪಿ ಉಂಟಾ, ಬೀಡಿ ಸೇದುತ್ತಾರಾ ಎಂದು ಕೇಳುತ್ತಾರೆ. ವಯಸ್ಸಾದವರು ಮಲಗಿಬಿಟ್ಟರೆ ನೆಂಟರು ಹಣ್ಣು ಹಂಪಲು ಹಿಡಿದು ಬಂದು, ಯೋಗಕ್ಷೇಮ ವಿಚಾರಿಸಿ, ಹಾಗೇ ಅಡುಗೆಮನೆಗೆ ಹೋಗಿ ಅವರು ಎತ್ತಿಟ್ಟಿದ್ದನ್ನೆಲ್ಲ ನೆಲಕ್ಕಿಳಿಸಿ ತಾವು ಎತ್ತಿಟ್ಟು ಹೋಗುತ್ತಾರೆ. ಅದಕ್ಕೆ ಕೈಬದಲಿ ಎನ್ನುತ್ತೇವೆ. ನನ್ನ ಅತ್ತೆಗೆ ನೆಗಡಿಯಾದರೂ ನಮ್ಮ ಯಜಮಾನರು ಉಪ್ಪಿನಕಾಯಿ ಜಾಡಿಗಳನ್ನು ಇಳಿಸಲು ಶುರುಮಾಡುತ್ತಿದ್ದರು. ಅದನ್ನು ನೋಡಿ ಮುದುಕಿ, "ನನ್ನ ಕಳಿಸಕ್ಕೆ ಅದೆಷ್ಟು ಅವಸರವೋ ನಿಂಗೆ" ಎಂದು ಬಯ್ಯುತ್ತಿದ್ದರು.

ಮಕ್ಕಳ ವಿಷಯವೂ ಅಷ್ಟೇ. ಹುಟ್ಟಿದ ಮಗುವನ್ನು ನೆಲದಿಂದ ಮೊದಲು ಎತ್ತಿಕೊಂಡವರು ಯಾರೋ ಅವರು ತೀರಿಕೊಂಡರೆ, ಮಗು ಎಷ್ಟು ದೊಡ್ಡದಾಗಿರಲಿ, ನಿಂತಲ್ಲೇ ಕುಸಿದು ಕೂರುತ್ತದೆ. ಇನ್ನೊಬ್ಬರು ಬಂದು ಎತ್ತುವವರೆಗೆ ಕಾಲು ನಿಲ್ಲುವುದಿಲ್ಲ. ಎತ್ತಿದವರಿಗೆ ಆಮೇಲೆ ಆ ಮಗುವಿನ ಊಟ ಬಟ್ಟೆ ಓದು ಮದುವೆ ಎಲ್ಲ ಸೇರಿತು. ಅದಕ್ಕೇ ಎಷ್ಟೋ ಸಾವಿನ ಮನೆಗಳಲ್ಲಿ ನೆಂಟರು ಗೋಡೆ ನೋಡುತ್ತ ನಿಲ್ಲುವುದುಂಟು. ನನ್ನ ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಅರ್ಧ ದಿನ ಹಜಾರದ ನೆಲದ ಮೇಲೆ ಕೂತಿದ್ದೆ. ಚಿಕ್ಕಪ್ಪಂದಿರು ಮೂವರೂ ಚಪ್ಪರ, ಸೌದೆ ಎಂದು ಓಡಾಡಿದರು. ಕೊನೆಗೆ ಹಾಲು ಹಾಕುವ ಸಿದ್ದಕ್ಕ ಬಂದು, "ಅಯ್ಯೋ ನಿಮ್ಮ ಮನೆ ಹಾಳಾಗ" ಎಂದು ಅವರನ್ನು ಬಯ್ದು ನನ್ನನ್ನು ಎತ್ತಿಕೊಂಡಳು. ಆ ನೆಲದ ತಣುಪು ಇನ್ನೂ ನನ್ನ ಕಾಲಲ್ಲಿದೆ. ಇದನ್ನು ಈಗ ಯಾಕೆ ಹೇಳಿದೆ ಎಂದರೆ, ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಎಂಬುದು ಕೊನೆಗೆ ನಿಮಗೆ ತಿಳಿಯಬೇಕು.

ಇನ್ನು ಗಾಳಿಬೀಳು ಎಂಬುದೊಂದಿತ್ತು. ವರ್ಷಕ್ಕೆ ಎರಡು ಮೂರು ಸಲ ಊರಲ್ಲಿ ಯಾವುದಾದರೂ ಗೋಡೆ, ಕಟ್ಟೆ, ಬಾವಿಯ ದಂಡೆ ಸುಮ್ಮಸುಮ್ಮನೆ ಬಿದ್ದುಹೋಗುತ್ತಿತ್ತು. ಹೆಸರುಕಲ್ಲು ನೋಡಿದರೆ ಎತ್ತಿದಾತ ಗುಂಡುಕಲ್ಲಿನ ಹಾಗೆ ಎದುರಿಗೇ ನಿಂತಿರುತ್ತಿದ್ದ. ಗಾಳಿಗೆ ಬಿತ್ತು ಎಂದು ಹೇಳಿ ಮತ್ತೆ ಕಟ್ಟಿಸುತ್ತಿದ್ದೆವು. ಯಾರೂ ತಲೆ ಕೆಡಿಸಿಕೊಂಡವರಲ್ಲ. ವಿಜ್ಞಾನ ಕಲಿಸುವ ನಾನೂ ಕೆಡಿಸಿಕೊಳ್ಳಲಿಲ್ಲ.

ಮೇಸ್ತ್ರಿ ಸತ್ತ ಮೂರು ದಿನದ ಮೇಲೂ ಶಾಲೆ ನಿಂತೇ ಇದ್ದಾಗ ಊರಿಗೆ ಊರೇ ಕುಣಿಯಿತು. ನಮ್ಮ ಹೆಡ್‌ಮಾಸ್ಟರ್ ಮರಿಬಸವಯ್ಯನವರಂತೂ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣೀರಿಟ್ಟು ಭಾಷಣ ಮಾಡಿದರು. "ನೋಡ್ರಪ್ಪಾ ಮಕ್ಕಳೇ, ಪುಣ್ಯಾತ್ಮ ತನ್ನ ಹೆಸರನ್ನ ಮಾತ್ರ ಕೆಳಗಿಳಿಸಿಕೊಂಡ. ಕೆಲಸನ ನಮಗೆ ಬಿಟ್ಟುಹೋದ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹೆಸರುಕಲ್ಲನ್ನು ಮತ್ತೆ ಬಾಗಿಲ ಮೇಲೆ ಕೂರಿಸಬೇಕೆಂದು ತೀರ್ಮಾನವಾಯಿತು. ಹೆಡ್‌ಮಾಸ್ಟರಿಗೆ ಏಣಿ ಕಂಡರೆ ತಲೆಸುತ್ತು, ಹಾಗಾಗಿ ನಾನೇ ಸೆರಗು ಸಿಕ್ಕಿಸಿ ಹತ್ತಿ ಕೂರಿಸಿದೆ. ಮಕ್ಕಳು ಒಳಗೆ ಹೋದರು. ಪಾಠ ಶುರುವಾಯಿತು.

ನಮ್ಮ ಶಾಲೆ ಇರುವುದು ಊರ ನಡುವಿನ ಎರಡಾಳೆತ್ತರದ ಬಂಡೆಯ ನೆತ್ತಿಯ ಮೇಲೆ. ಕೆಳಗೆ ಕಟ್ಟಿದಾಗೆಲ್ಲ ಕೆರೆ ಕೋಡಿ ಬಿದ್ದು ನೀರು ನುಗ್ಗುತ್ತಿತ್ತು. ಒಂಬತ್ತು ವರ್ಷದ ಹಿಂದೆ ಇದನ್ನು ಕಟ್ಟಿದ್ದು. ನಾನು ಆಗ ಹುಣಸೆಮರದ ಕೆಳಗೆ ಪಾಠ ಮಾಡುತ್ತಿದ್ದವಳು. ಚನ್ನಿಗಪ್ಪ ಮೇಲೆ ತಲೆಗೆ ಟವೆಲು ಸುತ್ತಿ, ಕರಣೆ ಹಿಡಿದು, ನಮ್ಮ ಕಡೆ ಕೈಬೀಸುತ್ತಿದ್ದುದು ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ. ಬಂಡೆಯ ದಕ್ಷಿಣಕ್ಕೆ, ಗೋಡೆಗೆ ಒತ್ತಿಕೊಂಡಂತೆ, ಕೆಳಗೆ ಹದಿನಾಲ್ಕು ಮನೆ ಇವೆ. ಶಾಲೆ ಬಿದ್ದರೆ ಅವುಗಳ ಮೇಲೇ ಬೀಳಬೇಕು.

ಮೇಸ್ತ್ರಿ ಹೋಗಿ ಇಪ್ಪತ್ತಮೂರನೇ ದಿನ ಒಂಬತ್ತನೇ ತರಗತಿಗೆ ಕೆಲಸ, ಶಕ್ತಿ, ಸಾಮರ್ಥ್ಯದ ಪಾಠ ತೆಗೆದುಕೊಂಡೆ. ಬಲವನ್ನು ಸ್ಥಾನಪಲ್ಲಟದಿಂದ ಗುಣಿಸಿದರೆ ಕೆಲಸ. ಆದರೆ ಸ್ಥಾನಪಲ್ಲಟ ಬಲದ ದಿಕ್ಕಿನಲ್ಲೇ ಇರಬೇಕು. ಬಿಂದಿಗೆ ಹೊತ್ತು ಬೀದಿಯುದ್ದ ನಡೆದರೆ ಕತ್ತು ನೋಯುತ್ತದೆ, ಬೆವರು ಬರುತ್ತದೆ, ಆದರೆ ಬಿಂದಿಗೆಯ ಭಾರಕ್ಕೆ ಎದುರಾಗಿ ನೀವು ಮಾಡಿದ ಕೆಲಸ ಸೊನ್ನೆ. ಇದನ್ನು ಹೇಳಿದಾಗ ಹುಡುಗಿಯರು ಪ್ರತಿವರ್ಷ ಮುಖ ಸಿಂಡರಿಸುತ್ತಾರೆ. ಮೇಲಕ್ಕೆತ್ತಿದರೆ ಮಾತ್ರ ಲೆಕ್ಕ, ಎತ್ತಿದ್ದು ಎತ್ತಿದ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಕೂತಿರುತ್ತದೆ ಎಂದು ಹೇಳಿ, ಊರಿನ ಉದಾಹರಣೆ ಇದ್ದರೆ ತಲೆಗೆ ಹತ್ತುತ್ತದೆಂದು ಬೋರ್ಡಿನ ಮೇಲೆ ಲೆಕ್ಕ ಬರೆದೆ. ಚನ್ನಿಗಪ್ಪ ಮೇಸ್ತ್ರಿ ಇಪ್ಪತ್ತು ಕೆಜಿಯ ಸೈಜುಗಲ್ಲೊಂದನ್ನು ನಾಲ್ಕು ಮೀಟರು ಎತ್ತರಕ್ಕೆ ಏರಿಸಿದರೆ, ಗುರುತ್ವವನ್ನು ಹತ್ತು ಎಂದಿಟ್ಟುಕೊಂಡು, ಅವನು ಮಾಡಿದ ಕೆಲಸವೆಷ್ಟು?

"ಎಂಟ್ನೂರು ಜೂಲ್!" ಎಂದು ನಲವತ್ತು ಮಕ್ಕಳು ಒಂದೇ ಸಮ ಕೂಗಿದರು. ಸ್ಲೇಟು ನೋಡುತ್ತ ಹೋದೆ. ಕೊನೆಯ ಸಾಲಿನ ರಾಜಮಣಿ ದೊಡ್ಡದಾಗಿ ಒಂದು ಸೊನ್ನೆ ಬರೆದಿದ್ದಳು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಊರಿಗೇ ಗೊತ್ತು.

"ಏನೇ ಇದು? ಸುತ್ತಿ ಇಟ್ಟಿದೀಯಲ್ಲ, ಕೋಡುಬಳೆನಾ?"

ಹುಡುಗಿ ಎದ್ದು ನಿಂತಳು. ಬಾಯಿಬಡುಕಿಯಲ್ಲ ಅವಳು, ಕೇಳಿದರೂ ಮಾತಾಡದ ಜಾತಿ. "ಮೇಸ್ತ್ರಿ ಎತ್ತಿಲ್ಲ ಟೀಚರ್. ಪಕ್ಕಕ್ಕೆ ಸರಿಸಿದ್ದು" ಎಂದಳು.

"ಅಂದ್ರೆ?"

"ಅವ್ರಿಗೆ ಸೊಂಟನೋವು. ಬಗ್ಗಕ್ಕಾಗ್ತಿರ್ಲಿಲ್ಲ. ನಮ್ಮಜ್ಜಿ ತಲೆ ಮೇಲೆ ಕಲ್ಲು ಇಟ್ಕೊಂಡು ಏಣಿ ಹತ್ತಿ, ಗೋಡೆ ಮಟ್ಟಕ್ಕೆ ತಲೆ ತಂದು ನಿಲ್ತಿತ್ತು. ಮೇಸ್ತ್ರಿ ತಲೆಯಿಂದ ಗೋಡೆಗೆ ಜರುಗಿಸ್ಕೊಳ್ತಿದ್ರು. ನೀವೇ ಹೇಳಿದ್ರಲ್ಲ ಟೀಚರ್, ಪಕ್ಕಕ್ಕೆ ಹೋದ್ರೆ ಸೊನ್ನೆ ಅಂತ."

ಮಕ್ಕಳು ಕಿಸಕ್ಕನೆ ನಕ್ಕರು. "ಯಾವ ಕಲ್ಲೇ? ಒಂದೆರಡಾ?" ಎಂದು ಕೇಳಿದೆ.

"ಎಲ್ಲಾ. ನಾನು ಹುಣಸೆಮರದ ಹತ್ರ ಕೂತು ನೋಡ್ತಿದ್ದೆ. ಆವಾಗ ನಂಗೆ ಐದು ವರ್ಷ. ಕಲ್ಲು ಹೊರಕ್ಕೆ ಬೇರೆ ಆಳು ಇರ್ಲಿಲ್ಲ. ಹೆಂಚೂ ಅಜ್ಜಿನೇ."

"ನಿಮ್ಮಜ್ಜಿ ಈಗೆಲ್ಲಿದಾರೆ?"

"ಮನೇಲಿ ಮಲಗೈತೆ. ಮೂರು ದಿನದಿಂದ ಉಸಿರು ಎಳೀತಾ ಐತೆ."

ಸುತ್ತ ನೋಡಿದೆ. ನಾಲ್ಕೂ ಕಡೆ ಗೋಡೆ. ಮೇಲೆ ಹೆಂಚು. ಪಕ್ಕದ ಕೋಣೆಯಿಂದ ಮಗ್ಗಿ ಕೇಳುತ್ತಿತ್ತು, ಇನ್ನೂರ ಹದಿನೆಂಟು ಮಕ್ಕಳು ಆ ಹೊತ್ತಿನಲ್ಲಿ ಆ ಸೂರಿನ ಕೆಳಗಿದ್ದರು. ನನಗೆ ಕಿರುಚಬೇಕೆನ್ನಿಸಿತು, ಕಿರುಚಿದರೆ ನೂಕುನುಗ್ಗಲಾದೀತು. ಮೆಲ್ಲಗೆ, "ಎಲ್ಲಾರೂ ಪುಸ್ತಕ ಅಲ್ಲೇ ಬಿಡಿ. ಗಲಾಟೆ ಮಾಡ್ದೆ ಕೆಳಗಿಳೀರಿ" ಎಂದೆ. ಆಮೇಲೆ ಓಡಿಹೋಗಿ ಬಾಗಿಲಲ್ಲಿ ನೇತುಹಾಕಿದ್ದ ರೈಲುಕಂಬಿಯ ಗಂಟೆಯನ್ನು ಕೈ ಜೋಮು ಹಿಡಿಯುವವರೆಗೆ ಬಡಿದೆ.

ಹೆಡ್‌ಮಾಸ್ಟರು ಪಂಚೆ ಎತ್ತಿ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದರು. ನಾನು ಹೇಳಿದ್ದು ಕೇಳಿ, "ಏನ್ರೀ ಸುಗುಣಾವತಿ ಟೀಚರ್, ಬೆಳಿಗ್ಗೆ ತಿಂಡಿ ತಿಂದಿದೀರಾ?" ಎಂದರು. "ನಿಂತಿರೋ ಶಾಲೆ ನಿಮ್ಮ ಕಣ್ಣೆದುರಿಗಿದೆ. ಇಪ್ಪತ್ಮೂರು ದಿನ ಆಯ್ತು."

"ನಿಂತಿದೆ ಸಾರ್. ಯಾಕೆ ನಿಂತಿದೆ ಅಂತ ನಾವು ಕೇಳಲಿಲ್ಲ. ಎತ್ತಿದೋರು ಇನ್ನೂ ಬದುಕಿದಾರೆ, ಅದಕ್ಕೆ ನಿಂತಿದೆ."

"ಹೆಸರು ಚನ್ನಿಗಪ್ಪಂದು."

"ಆ ಹೆಸರುಕಲ್ಲು ಒಂದೇ ಯಾಕೆ ಬಿತ್ತು ಹೇಳಿ. ಶಾಲೆ ಪ್ರಾರಂಭದ ದಿನ ಅದನ್ನ ಯಾರು ಎತ್ತಿದ್ದು, ನೆನಪು ಮಾಡ್ಕೊಳಿ."

ಅವರು ನೆನಪು ಮಾಡಿಕೊಂಡರು. ಓಲಗ ಊದಿಸಿ, ಚನ್ನಿಗಪ್ಪನ ಕೊರಳಿಗೆ ಹಾರ ಹಾಕಿ, ಎಲ್ಲರೂ ನೋಡುತ್ತಿದ್ದಂತೆ ಅವನು ಸೊಂಟನೋವು ಲೆಕ್ಕಿಸದೆ ಆ ಒಂದು ಕಲ್ಲನ್ನು ತಾನೇ ಹೊತ್ತು ಮೇಲೇರಿದ್ದ. ಶಾಲೆಯಲ್ಲಿ ಅವನೆತ್ತಿದ ಕಲ್ಲು ಅದೊಂದೇ. ಮರಿಬಸವಯ್ಯನವರ ಮುಖ ಸುಣ್ಣವಾಯಿತು. ಅಲ್ಲೇ ಬಂಡೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಯ್ಯಯ್ಯೋ, ನಾನು ಭಾಷಣ ಬೇರೆ ಮಾಡಿದೆ" ಎಂದರು.

ರಾಜಮಣಿಯ ಮನೆ ಬಂಡೆಯ ದಕ್ಷಿಣಕ್ಕಿದ್ದ ಹದಿನಾಲ್ಕರಲ್ಲಿ ಮೊದಲನೆಯದು. ಶಾಲೆಯ ಗೋಡೆ ಸರಿಯಾಗಿ ಅದರ ನೆತ್ತಿಗೆ ಬರುತ್ತದೆ. ಒಂಬತ್ತು ವರ್ಷ ನಾನು ದಿನಕ್ಕೆರಡು ಸಲ ಅದರ ಮುಂದೆ ನಡೆದಿದ್ದೇನೆ, ಒಳಗೆ ಕಾಲಿಟ್ಟದ್ದು ಅಂದೇ. ಅಜ್ಜಿ ಚಿಕ್ಕತಾಯಮ್ಮ ಕಂಬಳಿಯ ಮೇಲೆ ಗೋಡೆಗೆ ಒರಗಿಕೊಂಡಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮುಖ ನೋಡಿದೆ. ಈ ಮುಖವನ್ನು ಆ ಇಡೀ ಬೇಸಿಗೆ ಹುಣಸೆಮರದ ಕೆಳಗೆ ನಿಂತು ಕಂಡಿರಲೇಬೇಕಲ್ಲ ಎಂದು ನೆನಪನ್ನು ತಡಕಾಡಿದೆ. ಏಣಿಯ ಮೇಲೆ ಎರಡು ಪಾದ, ಮಣ್ಣಾದ ಸೀರೆಯ ಅಂಚು, ಅಷ್ಟೇ ಸಿಕ್ಕಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡಾಕ್ಟರು ಬಂದು ನೋಡಿದರು. "ಎರಡು ದಿನ, ಹೆಚ್ಚೆಂದ್ರೆ ಮೂರು. ಇಲ್ಲಿಂದ ಅಲ್ಲಾಡಿಸಿದ್ರೆ ದಾರೀಲೇ ಹೋಗ್ತಾರೆ" ಎಂದರು. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಮಕ್ಕಳನ್ನು ಹೊರಗೆ ಕಳಿಸಿದರೆ ಮುಗಿಯುವ ಮಾತಲ್ಲ ಇದು. ಮುದುಕಿ ಹೋದ ಗಳಿಗೆ ಇಡೀ ಶಾಲೆ ಬಂದು ಬೀಳುವುದು ಇದೇ ಮನೆಯ ಮೇಲೆ, ಪಕ್ಕದಲ್ಲಿ ಕೂತ ಮೊಮ್ಮಗಳ ಮೇಲೆ, ಸಾಲಿನಲ್ಲಿದ್ದ ಉಳಿದ ಮನೆಗಳ ಮೇಲೆ. ಅಷ್ಟರೊಳಗೆ ಕಲ್ಲೆಲ್ಲ ನೆಲಕ್ಕಿಳಿದಿರಬೇಕು.

"ಎಷ್ಟು ಕಲ್ಲಿರಬೋದು ಅಜ್ಜಿ?" ಎಂದು ಕೇಳಿದೆ.

ಮುದುಕಿ ಗೂಟದ ಕಡೆ ಕೈತೋರಿಸಿತು. ಅಲ್ಲಿ ಒಂದು ಹಗ್ಗ ನೇತಾಡುತ್ತಿತ್ತು, ಉದ್ದಕ್ಕೂ ಗಂಟು. "ನೂರಕ್ಕೊಂದು ಗಂಟು ಕಣವ್ವ. ಮೂವತ್ತೆಲ್ಡವೆ. ಮೇಸ್ತ್ರಿ ತಪ್ಪು ಎಣಿಸ್ತಿದ್ದ, ಅದ್ಕೆ ನಾನೇ ಹಾಕ್ಕಂಡಿದ್ದೆ."

ಮೂರು ಸಾವಿರದ ಇನ್ನೂರು. ಒಂದೊಂದಕ್ಕೆ ಎಂಟುನೂರು ಜೂಲ್. ಇಪ್ಪತ್ತೈದು ಲಕ್ಷದ ಅರವತ್ತು ಸಾವಿರ. ಪ್ರತಿ ಕಲ್ಲಿನ ಜೊತೆ ಅವಳ ಮೈಯ ನಲವತ್ತೈದು ಕೆಜಿಯೂ ಏಣಿ ಹತ್ತಿತ್ತು, ಕಲ್ಲಿನ ಎರಡು ಪಾಲಿಗಿಂತ ಹೆಚ್ಚು. ಅದನ್ನು ನಮ್ಮ ಪುಸ್ತಕದಲ್ಲಿ ಯಾರೂ ಕೇಳುವುದಿಲ್ಲ. ಯಾಕೆಂದರೆ ಅವಳು ಪ್ರತಿಸಲ ಬರಿಗೈಲಿ ಕೆಳಗಿಳಿದು ಬರುತ್ತಿದ್ದಳಲ್ಲ, ಮೇಲೆ ಏನೂ ಉಳಿಯುತ್ತಿರಲಿಲ್ಲ.

ನಾನು ಕೇಳದೆಯೇ ಮುದುಕಿ ಇನ್ನೂ ಒಂದು ಮಾತು ಹೇಳಿತು. "ಸಂತೆಕಟ್ಟೆ ಬಿತ್ತಲ್ಲವ್ವ ಹೋದ ಆಷಾಡದಲ್ಲಿ, ಅವತ್ತು ನಮ್ಮ ಸಣ್ಣೀರಿ ಹೋದ್ಳು. ಅವಳೇ ಹೊತ್ತಿದ್ದು. ಗೌಡ್ರ ಬಾವಿ ದಂಡೆ ಬಿದ್ದ ದಿನ ಕರಿಯಮ್ಮ. ಛತ್ರದ ಹಿತ್ತಲ ಗೋಡೆಗೆ ನಮ್ಮಕ್ಕ. ನೀವು ಗಾಳಿಗೆ ಬಿತ್ತು ಅಂತಿದ್ರಿ. ನಾವು ಸುಮ್ಕಿದ್ದೊ."

"ಯಾಕಜ್ಜಿ ಹೇಳಲಿಲ್ಲ?"

"ಕೇಳಿದ್ರಾ?" ಎಂದಿತು, ಬೇಜಾರಿಲ್ಲದೆ.

ಇಷ್ಟು ವರ್ಷ, ಇಷ್ಟು ಗೋಡೆ. ಒಂದೊಂದು ಗೋಡೆ ಬಿದ್ದಾಗಲೂ ಊರಲ್ಲಿ ಒಬ್ಬ ಹೆಂಗಸು ಸತ್ತಿದ್ದಳು. ನಾವು ಆಕಾಶ ನೋಡಿ, ಮೋಡ ನೋಡಿ, ಗಾಳಿ ಎಂದಿದ್ದೆವು. ನನಗೆ ಅತ್ತರೂ ಸಾಲದು ಎನ್ನಿಸಿತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂಡೆಯ ಬುಡದಲ್ಲಿ ಊರು ಸೇರಿತು. ಉಳಿದ ಹದಿಮೂರು ಮನೆಯವರು ಪಾತ್ರೆ ಪಗಡ ಹೊತ್ತು ಕೆರೆಯ ಏರಿ ಸೇರಿದರು. ಹೆಡ್‌ಮಾಸ್ಟರು ಒಂದು ಉಪಾಯ ತೆಗೆದರು. "ಅಷ್ಟೂ ಇಳಿಸೋದ್ಯಾಕೆ? ಇದ್ದ ಜಾಗದಲ್ಲೇ ಒಂದೊಂದು ಕಲ್ಲನ್ನ ಹಾರೆ ಹಾಕಿ ಒಂದಂಗುಲ ಎತ್ತಿ ಬಿಡೋಣ. ಕೈಬದಲಿ ಆಯ್ತಲ್ಲ" ಎಂದರು. ಕೆಲವರು ಹೌದೌದು ಎಂದರು.

"ಒಂದಂಗುಲ ಎತ್ತಿದ್ರೆ ಒಂದಂಗುಲ ನಿಮ್ಮದು ಸಾರ್. ಉಳಿದ ನಾಲ್ಕು ಮೀಟರು ಆಯಮ್ಮಂದೇ" ಎಂದೆ. ಅಡ್ಡದಾರಿ ಇರಲಿಲ್ಲ.

ಆ ಸಂಜೆಯೊಳಗೆ ಹೆಂಚು ಇಳಿದವು. ತೊಲೆಗಳನ್ನು ಹಗ್ಗ ಕಟ್ಟಿ ಎಳೆದಿದ್ದ ನಾಲ್ವರು ಗಟ್ಟಿಮುಟ್ಟಾಗಿಯೇ ಇದ್ದರು, ತಮ್ಮದನ್ನು ತಾವೇ ಇಳಿಸಿಕೊಂಡರು. ಮರುದಿನ ಬೆಳಕು ಹರಿಯುವ ಮೊದಲೇ ಇನ್ನೂರು ಜನ ಕಲ್ಲಿಗೆ ಕೈಹಾಕಿದೆವು. ಗಂಡಸರು ಹಾರೆಯಲ್ಲಿ ಮಣ್ಣುಗಾರೆ ಬಿಡಿಸುವುದು, ಉಳಿದವರು ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸುವುದು. ಇಳಿಸುವುದೇನು ಸುಲಭ ಎಂದುಕೊಂಡಿದ್ದೆ. ಮೂವತ್ತು ಕಲ್ಲಿಗೆ ನನ್ನ ರಟ್ಟೆ ಬಿದ್ದುಹೋದವು. ಅವಳು ತೊಂಬತ್ತು ದಿನದಲ್ಲಿ ಒಬ್ಬಳೇ ಮಾಡಿದ್ದನ್ನು ಇನ್ನೂರು ಜನ ಎರಡು ದಿನದಲ್ಲಿ ಮಾಡಬೇಕು. ಕೆಲಸ ಅಷ್ಟೇ, ಕಾಲ ಕಡಿಮೆ, ಅದಕ್ಕೇ ಸಾಮರ್ಥ್ಯ ಎನ್ನುವುದು. ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ, ಅದು ಬೆನ್ನುಮೂಳೆಗೆ ಅರ್ಥವಾದದ್ದು ಅವತ್ತು.

ಕೆಲಸದವರ ಜೀವಕ್ಕೂ ಭಯವಿತ್ತು. ನಡುವೆ ಮುದುಕಿಯ ಉಸಿರು ನಿಂತರೆ ಉಳಿದ ಗೋಡೆ ನಮ್ಮ ಮೇಲೇ. ಹಾಗಾಗಿ ಶಾಲೆಯ ರೈಲುಕಂಬಿ ಗಂಟೆಯನ್ನು ತಂದು ಚಿಕ್ಕತಾಯಮ್ಮನ ಬಾಗಿಲಿಗೆ ಕಟ್ಟಿದೆವು. ಆ ಮನೆಯೊಳಗೆ ಯಾರನ್ನು ಕೂರಿಸುವುದು ಎಂಬ ಮಾತು ಬಂದಾಗ ಎಲ್ಲರೂ ಎತ್ತಲೋ ನೋಡಿದರು. ರಾಜಮಣಿ ತಾನಾಗಿ ಸುತ್ತಿಗೆ ತೆಗೆದುಕೊಂಡಳು. "ಉಸಿರು ಏರುಪೇರಾದ್ರೆ ಬಡಿ. ಬಡೀತಾನೇ ಹೊರಗೆ ಓಡು. ನಾನು ಬರೋ ತನಕ ನಿಲ್ಲಿಸ್ಬೇಡ" ಎಂದು ಹೇಳಿದೆ. ತಲೆಯಾಡಿಸಿದಳು. ನೂರು ಕಲ್ಲು ಇಳಿದಾಗಲೆಲ್ಲ ಕೆಳಗಿನವರು ಕೂಗಿ ಹೇಳುತ್ತಿದ್ದರು, ಅವಳು ಹಗ್ಗದ ಒಂದು ಗಂಟು ಬಿಚ್ಚುತ್ತಿದ್ದಳು.

ಆ ಎರಡು ದಿನ ಆ ಗುಡಿಸಲಿಗೆ ಬಂದ ಮರ್ಯಾದೆಯನ್ನು ಏನೆಂದು ಹೇಳಲಿ! ಗೌಡರ ಮನೆಯಿಂದ ಗಂಜಿ, ಛತ್ರದವರಿಂದ ಹೊಸ ಕಂಬಳಿ, ಯಾರೋ ಜೇನುತುಪ್ಪ, ಯಾರೋ ತಾಯತ. ಕೊಟ್ಟವರು ಕೊಟ್ಟು, ಒಮ್ಮೆ ಮೇಲೆ ಗೋಡೆ ನೋಡಿ, ಬಿರಬಿರನೆ ಹೊರಟುಹೋಗುತ್ತಿದ್ದರು. ಮರಿಬಸವಯ್ಯನವರು ಮಾತ್ರ ಕೂತು ಬೀಸಣಿಗೆ ಬೀಸಿದರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಎರಡನೇ ದಿನ ಹನ್ನೊಂದರ ಸುಮಾರಿಗೆ ನಾನು ನೀರು ಕುಡಿಸಲು ಹೋದಾಗ ಮುದುಕಿ ಕಣ್ಣುಬಿಟ್ಟು ನನ್ನನ್ನೇ ನೋಡಿತು. "ಟೀಚರಮ್ಮ, ಒಂದ್ಮಾತು ನಿಜ ಹೇಳು. ನಿಮ್ಗೆ ನಾನು ಸಾಯದಾ ದಿಗಿಲು, ಕಲ್ಲು ಬೀಳದಾ?"

ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಮುದುಕಿ ನನ್ನ ಕೈಮೇಲೆ ಕೈಯಿಟ್ಟು ನಕ್ಕಿತು. ಅಂಗೈ ಒಣಗಿದ ಹಲಗೆಯ ಹಾಗಿತ್ತು.

"ಎತ್ತುವಾಗ ಒಬ್ಬಳೇ ಇದ್ದೆ" ಎಂದಿತು. "ಇಳಿಸಕ್ಕೆ ಊರೇ ಬಂತು ನೋಡು."

ಆಮೇಲೆ ಮೂಲೆಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದ ಮೊಮ್ಮಗಳನ್ನು ತೋರಿಸಿ, "ಇವಳವ್ವ ಹೆತ್ತ ಮೂರನೇ ದಿನಕ್ಕೇ ಹೋದ್ಳು. ಹೆರಿಗೆ ಮನೇಲಿ ಇವಳನ್ನ ನೆಲದಿಂದ ಎತ್ಕಂಡಿದ್ದೂ ನಾನೇಯ" ಎಂದಿತು. ಕಲ್ಲಿನ ಸಾಲಿನಿಂದ ಯಾರೋ ನನ್ನನ್ನು ಕೂಗಿದರು. ನಾನು ಹ್ಞೂಂ ಹ್ಞೂಂ ಎಂದು ಎದ್ದುಬಂದೆ. ಮುದುಕಿ ನನ್ನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದಿತ್ತು, ನಾನೇ ಬಿಡಿಸಿಕೊಂಡೆ. ಅಷ್ಟು ಸ್ಪಷ್ಟವಾಗಿ ಹೇಳಿತು ಆ ಜೀವ! ನನ್ನ ತಲೆಯಲ್ಲಿ ಇನ್ನೂ ಉಳಿದ ಎಂಟುನೂರು ಕಲ್ಲು ಕುಣಿಯುತ್ತಿದ್ದವು.

ನಾಲ್ಕು ಗಂಟೆಗೆ ಮೂವತ್ತೆರಡನೇ ಗಂಟಿನ ಕೂಗು ಕೇಳಿತು. ಕೊನೆಯ ಕಲ್ಲು ಕೈಯಿಂದ ಕೈಗೆ ಇಳಿದು ನೆಲ ಮುಟ್ಟಿತು. ಬಂಡೆಯ ನೆತ್ತಿ ಬೋಳಾಗಿ, ಒಂಬತ್ತು ವರ್ಷದ ಹಿಂದೆ ಹೇಗಿತ್ತೋ ಹಾಗಾಯಿತು. ನಾನೆತ್ತಿದ್ದ ಹೆಸರುಕಲ್ಲನ್ನೂ ಇಳಿಸಿ ರಾಶಿಯ ಪಕ್ಕಕ್ಕಿಟ್ಟಿದ್ದರು. ಎಲ್ಲರೂ ನಿಂತಲ್ಲೇ ಕೂತೆವು. ಯಾರೋ ಮಜ್ಜಿಗೆ ತಂದರು.

ಒಂದು ಲೋಟ ಖಾಲಿಯಾಗುವಷ್ಟರಲ್ಲಿ ಗಂಟೆ ಬಡಿಯಿತು. ಠಣ್ ಎಂದು ಒಂದೇ ಏಟು.

ಎಲ್ಲರೂ ತಲೆಯೆತ್ತಿ ಬಂಡೆ ನೋಡಿದೆವು. ಅಭ್ಯಾಸ ಬಿಡುತ್ತದೆಯೇ? ಬೀಳಲು ಅಲ್ಲೇನೂ ಇರಲಿಲ್ಲ. ಕಲ್ಲುಗಳು ರಾಶಿಯಲ್ಲಿ ಸುಮ್ಮನಿದ್ದವು. ಒಂದು ನಿಮಿಷ ಕಾದೆವು, ಎರಡು ನಿಮಿಷ ಕಾದೆವು. ಒಂದು ಹರಳೂ ಉರುಳಲಿಲ್ಲ. ಆಗ ಜನ ಹೋ ಎಂದು ಎದ್ದರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹೆಡ್‌ಮಾಸ್ಟರು ಅಳುತ್ತ ನಗುತ್ತ, "ಗೆದ್ದೋ ಟೀಚರ್! ಒಂದು ಕಲ್ಲೂ ಬಿಡಲಿಲ್ಲ, ಒಂದೂ ಮರೀಲಿಲ್ಲ!" ಎಂದರು. ಹದಿಮೂರು ಮನೆಯವರು ಪಾತ್ರೆಗಳನ್ನು ಮತ್ತೆ ತಲೆಗೇರಿಸಿಕೊಂಡರು. ಮುದುಕಿ ಹೋದಳಲ್ಲ ಎಂದು ಒಂದಿಬ್ಬರು ಕಣ್ಣೊರೆಸಿಕೊಂಡರು. ನಾನೂ ನಕ್ಕೆ, ಸುಳ್ಳು ಹೇಳಲಾರೆ. ಕಲ್ಲು ಮತ್ತೆ ಏರಿಸುವಾಗ ಎತ್ತಿದ ಪ್ರತಿಯೊಬ್ಬರೂ ಅವರವರ ಕಲ್ಲಿನ ಮೇಲೆ ಅವರವರ ಹೆಸರು ಬರೆಯಬೇಕು, ಮೊದಲು ಚಿಕ್ಕತಾಯಮ್ಮನ ಹೆಸರು ಬರೆಯಬೇಕು ಎಂದೆಲ್ಲ ನಾನೇ ದೊಡ್ಡ ದನಿಯಲ್ಲಿ ಯೋಜನೆ ಹಾಕಿದೆ. ಕಾಲು ಗಂಟೆ ಕಳೆಯಿತೋ, ಅರ್ಧವೋ.

ಆಮೇಲೆ ಯಾಕೋ ಆ ಒಂದೇ ಏಟು ನೆನಪಾಯಿತು. ನಾನು ಬರುವ ತನಕ ಬಡಿ ಎಂದಿದ್ದೆನಲ್ಲ. ಹೇಳಿದ ಮಾತು ಮೀರುವ ಹುಡುಗಿಯಲ್ಲ ಅದು. ಯಾಕೆ ಒಂದಕ್ಕೇ ನಿಲ್ಲಿಸಿದಳು?

ನೆತ್ತಿಯ ಮೇಲೆ ಯಾರೋ ಹೊಡೆದಂತಾಯಿತು. ಮಜ್ಜಿಗೆ ಲೋಟ ಎಲ್ಲಿ ಬಿಸಾಡಿದೆನೋ, ಯಾರನ್ನು ತಳ್ಳಿದೆನೋ ಗೊತ್ತಿಲ್ಲ, ಬಂಡೆ ಸುತ್ತಿಕೊಂಡು ಓಡಿದೆ.

ರಾಜಮಣಿ ಬಾಗಿಲಲ್ಲಿ ಗಂಟೆಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಸುತ್ತಿಗೆ ಪಕ್ಕದಲ್ಲಿ ಬಿದ್ದಿತ್ತು. ಗಂಟುಗಳೆಲ್ಲ ಬಿಚ್ಚಿದ ಹಗ್ಗ ಮಡಿಲಲ್ಲಿತ್ತು. ಎರಡು ಕೈಯನ್ನೂ ನೆಲಕ್ಕೂರಿ ಏಳಲು ನೋಡುತ್ತಿದ್ದಳು, ಕಾಲು ಕೇಳುತ್ತಿರಲಿಲ್ಲ. ಅಂಗೈಯೆಲ್ಲ ಮಣ್ಣಾಗಿತ್ತು, ಅಂದರೆ ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಒಳಗೆ ಅಜ್ಜಿ ಗೋಡೆಗೆ ಒರಗಿಕೊಂಡೇ ಇತ್ತು. ಹೊರಗಿನ ನಗು, ಕೇಕೆ ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು.

ಮೂರು ಸಾವಿರದ ಇನ್ನೂರು ಕಲ್ಲು ಎಣಿಸಿ ಎಣಿಸಿ ಇಳಿಸಿದ್ದೆವು. ಇವಳನ್ನು ಯಾರೂ ಎಣಿಸಿರಲಿಲ್ಲ. ಅರ್ಧ ದಿನ ನೆಲದ ಮೇಲೆ ಕೂತು ಬಂದವಳು ನಾನು, ನಾನೂ ಎಣಿಸಿರಲಿಲ್ಲ.

"ಎರಡನೇ ಏಟು ಹೊಡೆಯಕ್ಕಾಗ್ಲಿಲ್ಲ ಟೀಚರ್" ಎಂದಳು, ತಪ್ಪು ಮಾಡಿದವಳ ಹಾಗೆ. "ಕಾಲು ಹೋಗ್ಬಿಡ್ತು."

ನನ್ನ ಹಿಂದೆ ಓಡಿಬಂದವರು ಏಳೆಂಟು ಜನ ಬಾಗಿಲ ಹೊರಗೆ ನಿಂತಿದ್ದರು. ತಿರುಗಿ ನೋಡಿದೆ. ಒಬ್ಬರು ಸೂರು ನೋಡುತ್ತಿದ್ದರು, ಒಬ್ಬರು ಗಂಟೆ ನೋಡುತ್ತಿದ್ದರು. ಬಯ್ಯೋಣವೆಂದು ಬಾಯಿ ತೆರೆದೆ, ಸಿದ್ದಕ್ಕ ಬಯ್ದಂತೆಯೇ. ಬಯ್ಯಲು ನನಗೆ ಮುಖವಿರಲಿಲ್ಲ. ಸೆರಗು ಸಿಕ್ಕಿಸಿ ಬಗ್ಗಿದೆ. ಒಂದು ಕೈ ಅವಳ ಬೆನ್ನಿಗೆ, ಒಂದು ಮಂಡಿಯ ಕೆಳಗೆ. ಎರಡು ದಿನ ಕಲ್ಲು ಹೊತ್ತ ರಟ್ಟೆ, ಸೊಂಟ ಅಯ್ಯೋ ಎಂದಿತು. ಹದಿನಾಲ್ಕು ವರ್ಷದ ಹುಡುಗಿ, ಮೂವತ್ತೆಂಟು ಕೆಜಿಯಾದರೂ ಇದ್ದಾಳು. ನೆಲದಿಂದ ನನ್ನ ಎದೆಯವರೆಗೆ ಒಂದು ಮೀಟರು. ಜೀವಮಾನದಲ್ಲಿ ಮೊದಲ ಸಲ ಲೆಕ್ಕ ಹಾಕಲಿಲ್ಲ.

ಅವಳು ನನ್ನ ಕತ್ತು ತಬ್ಬಿಕೊಂಡು ಮೊದಲ ಬಾರಿಗೆ ಜೋರಾಗಿ ಅತ್ತಳು. ಆಮೇಲೆ, "ಇಳಿಸ್ಬಿಡಿ ಟೀಚರ್, ಭಾರ ಆಗ್ತೀನಿ" ಎಂದಳು.

"ಸುಮ್ನಿರೇ" ಎಂದೆ.